ಬಿಸಿಲು ಬೀಳದ ಗೋಡೆ

"ರೀ, ಬಿಸಿಲು ತಪ್ಪಾಗಿದೆ," ಎಂದಳು ಅಪರ್ಣಾ, ಚಿತ್ರದಿಂದ ಕಣ್ಣು ತೆಗೆಯದೆ.

ಗಂಡ ಉದಯಶಂಕರನಿಗೆ ಅರ್ಥವಾಗಲಿಲ್ಲ. ಆಸ್ಟ್ರೇಲಿಯಾದ ಅಡಿಲೇಡಿನ ಸ್ಯಾಲಿಸ್‌ಬರಿಯಲ್ಲಿ ಅವರ ಪಕ್ಕದ ಮನೆಯ ಡೀಟರ್ ತಮ್ಮ ಶೆಡ್ಡಿನಲ್ಲಿ ಹೊಸ ಚಿತ್ರ ತೋರಿಸುತ್ತಿದ್ದರು. ಹರೆಯದಲ್ಲೇ ಜರ್ಮನಿ ಬಿಟ್ಟು ಬಂದವರು. ಬದುಕೆಲ್ಲ ಇಲ್ಲಿಯ ನೀಲಗಿರಿ ಮರ, ಒಣ ಹಳ್ಳಗಳನ್ನೇ ಬರೆದವರು. ಎದುರಿಗೆ ನಿಂತು ನೋಡದ ಜಾಗವನ್ನು ಎಂದೂ ಬರೆದವರಲ್ಲ. ವಿಮಾನ ಹತ್ತಲೇಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಹುಟ್ಟಿದ ಮನೆಯನ್ನು ನೆನಪಿನಿಂದಲೇ ಬರೆದಿದ್ದರು. ಚಿತ್ರ ಇನ್ನೇನು ಊರಿನಲ್ಲಿರುವ ತಂಗಿಯ ಬಳಿಗೆ ಹೊರಡಲಿತ್ತು.

ನದಿ, ಇಳಿಜಾರು, ಹೆಂಚಿನ ಮನೆ, ಗೋಡೆಯ ಪಕ್ಕ ಬಟ್ಟೆ ಹರವುತ್ತಿರುವ ತಾಯಿ. ಅದು ಮನೆಯ ಉತ್ತರದ ಗೋಡೆ ಎಂದು ಅವರೇ ಈಗಷ್ಟೇ ಹೇಳಿದ್ದರು. ಅದರ ಮೇಲೆ ಮಟಮಟ ಮಧ್ಯಾಹ್ನದ ಬಿಸಿಲು ಸುರಿಯುತ್ತಿತ್ತು. ಅಪರ್ಣಾ ಭೂವಿಜ್ಞಾನಿ, ದಿಕ್ಕು ನೋಡದೆ ಕಾಫಿಯನ್ನೂ ಕುಡಿಯದವಳು.

"ಉತ್ತರದ ಬಿಸಿಲು ಇಲ್ಲೀದು ಕಣ್ರೀ. ಅವರೂರಲ್ಲಿ ಸೂರ್ಯ ದಕ್ಷಿಣಕ್ಕಿರ್ತಾನೆ. ಮಧ್ಯಾಹ್ನ ಆ ಗೋಡೆಗೆ ಬಿಸಿಲೇ ಬೀಳಲ್ಲ."

"ಸುಮ್ನಿರೇ. ಎಂಬತ್ತು ದಾಟಿದೋರು. ಹೇಳಿ ಏನ್ ಸಾಧಿಸ್ತೀಯಾ?"

"ತಂಗಿ ನೋಡಿದ ತಕ್ಷಣ ಹೇಳ್ತಾರೆ. ಅದಕ್ಕಿಂತ ಈಗ್ಲೇ ಗೊತ್ತಾಗ್ಲಿ."

ಡೀಟರ್‌ಗೆ ಕನ್ನಡ ಬಾರದಿದ್ದರೂ ಮುಖ ಓದಲು ಬರುತ್ತಿತ್ತು. ಏನು ತಪ್ಪಿದೆ ಎಂದು ಕೇಳಿದರು. ಅಪರ್ಣಾ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು.

ಅವರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. "ಹೌದು. ಆ ಗೋಡೆ ಪಾಚಿ ಕಟ್ಟುತ್ತಿತ್ತು. ಅಲ್ಲಿ ನಿಂತರೆ ಚಳಿಗೆ ಅಮ್ಮನ ಬೆರಳುಗಳು ಸೆಟೆದುಹೋಗುತ್ತಿದ್ದವು. ಅದನ್ನೂ ಮರೆತೆನಲ್ಲ."

ಯಾಕಾದರೂ ಹೇಳಿದೆನೋ ಎನಿಸಿತು ಅಪರ್ಣಾಳಿಗೆ. ಮೈಸೂರಿನಲ್ಲಿ ಅಮ್ಮನ ಅಡುಗೆಮನೆಗೆ ಬಿಸಿಲು ಯಾವ ಕಡೆಯಿಂದ ಬರುತ್ತಿತ್ತು ಎಂದು ನೆನೆಸಿಕೊಳ್ಳಹೋದರೆ ಅವಳಿಗೂ ಕಂಡದ್ದು ಇಲ್ಲಿಯ ಕಿಟಕಿಯೇ.

ಡೀಟರ್ ಬೂದು ಬಣ್ಣ ಕಲಸಿ ಗೋಡೆಗೆ ನೆರಳು ತುಂಬತೊಡಗಿದರು. ಬುಡಕ್ಕೆ ಪಾಚಿಯೂ ಬಂತು. ಕುಂಚ ತಾಯಿಯ ಹತ್ತಿರ ಬಂದು ನಿಂತಿತು.

"ಅಮ್ಮನನ್ನು ಇಲ್ಲಿಗೆ ಬಾ ಅಂತ ಎಷ್ಟೋ ಸಲ ಕರೆದೆ," ಎಂದರು. "ಕೊನೆಗೆ ಒಪ್ಪಿದಳು, ಟಿಕೆಟ್ಟೂ ತೆಗೆದೆ. ಆ ಚಳಿಗಾಲವನ್ನು ಅವಳು ದಾಟಲಿಲ್ಲ."

ಕುಂಚ ತಾಯಿಯನ್ನು ಮುಟ್ಟದೆ ಸುತ್ತು ಬಳಸಿ ಮುಂದೆ ಹೋಯಿತು.

"ತಂಗಿ ಇದನ್ನೂ ತಪ್ಪು ಅಂದರೆ?" ಎಂದ ಉದಯಶಂಕರ.

"ಅನ್ನಲಿ," ಎಂದರು ಡೀಟರ್.

ಕತ್ತಲುಗಟ್ಟಿದ ಗೋಡೆಯ ಮುಂದೆ ತಾಯಿಯೊಬ್ಬಳೇ ಅಡಿಲೇಡಿನ ಬಿಸಿಲಲ್ಲಿ ನಿಂತು ಬಟ್ಟೆ ಹರವುತ್ತಿದ್ದಳು.