ಬೆನ್ನ ಮೇಲಿನ ಕೈ

ಭಾಗೀರಥಿಯ ಮುಖವನ್ನು ನಗು ಇಲ್ಲದೆ ಒಮ್ಮೆ ಕಣ್ಣಾರೆ ನೋಡಬೇಕೆಂದೇ ಶೈಲಜಾ ಆ ಸಾವಿನ ಮನೆಯ ಅಂಗಳದಲ್ಲಿ ಚಪ್ಪಲಿ ಬಿಟ್ಟಳು. ಹೇಳಬೇಕಾದ ಸುದ್ದಿಯೂ ಒಂದಿತ್ತು, ಸುಳ್ಳಲ್ಲ. ಆದರೆ ಸಂಗೊಳ್ಳಿಯ ಓಣಿಯಲ್ಲಿ ಅವಳು ಅಷ್ಟು ಬಿರಬಿರನೆ ನಡೆದು ಬಂದದ್ದು ಸುದ್ದಿ ಹೇಳುವ ಅವಸರಕ್ಕಲ್ಲ. ಹದಿನೇಳು ವರ್ಷದ ಹುಡುಗಿಯ ಮನಸ್ಸಿನಲ್ಲಿ ಇಂಥ ಆಸೆ ಇರುತ್ತದೆಯೇ ಎಂದು ಯಾರಾದರೂ ಕೇಳಬಹುದು. ಇತ್ತು, ಏನು ಮಾಡುವುದು.

ಭಾಗೀರಥಿಯ ಅಣ್ಣ ಮಾಂತೇಶ ಹೋಗಿ ಅಂದಿಗೆ ಆರು ದಿನ. ಡೆಂಗಿ ಜ್ವರ ಬಂದು ನಾಲ್ಕೇ ದಿನಕ್ಕೆ ಮುಗಿದಿದ್ದ. ಹಾಲಿನ ಗಾಡಿ ಹೊಡೆಯುತ್ತಿದ್ದ ಇಪ್ಪತ್ತಾರರ ಆಳು. ದಿನಾ ಬೆಳಗ್ಗೆ ಕ್ಯಾನುಗಳ ನಡುವೆ ತಂಗಿಯನ್ನೂ ಶೈಲಜಾಳನ್ನೂ ತೂರಿಸಿ ಕೂರಿಸಿಕೊಂಡು ಬೈಲಹೊಂಗಲದ ಕಾಲೇಜಿನ ಮೈದಾನಕ್ಕೆ ತಂದು ಇಳಿಸುತ್ತಿದ್ದ. ಹಾಲು ಹಾಕಿ ಬಂದಮೇಲೆ ಖಾಲಿ ಕ್ಯಾನಿನ ಮೇಲೆ ಕುಂತು, "ಹೊಡಿ ಭಾಗೀ!" ಎಂದು ಮೈದಾನ ಹಾರಿಹೋಗುವಂತೆ ಕೂಗುತ್ತಿದ್ದ. ಎರಡು ವರ್ಷದಲ್ಲಿ ಒಂದು ಸಲವಾದರೂ "ಹೊಡಿ ಶೈಲಾ" ಅಂದಿರಲಿಲ್ಲ. ಶೈಲಜಾ ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

ಇಬ್ಬರೂ ಆಡುತ್ತಿದ್ದುದು ಖೋಖೋ. ಎಂಟು ಜನ ಸಾಲಾಗಿ, ಒಬ್ಬಳು ಆ ಕಡೆ ಒಬ್ಬಳು ಈ ಕಡೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂರುತ್ತಾರೆ; ಒಂಬತ್ತನೆಯವಳು ಬೆನ್ನಟ್ಟುತ್ತಾಳೆ. ತನ್ನ ಕೈಗೆ ಸಿಗದವಳು ಯಾರ ಎದುರಿಗೆ ಹೊರಳುತ್ತಾಳೋ ಅವಳ ಬೆನ್ನಿಗೆ ಕೈ ಹಚ್ಚಿ "ಖೋ" ಎನ್ನಬೇಕು. ಆಗ ಕೂತವಳು ಎದ್ದು ಓಡಬೇಕು. ಕೈ ಹಚ್ಚಿ ಬಾಯಿ ಮುಚ್ಚಿಕೊಂಡರೆ ತಪ್ಪು. ಆಟ ಕಲಿಸುವ ಬಸಯ್ಯ ಸರ್ ದಿನಕ್ಕೆ ಹತ್ತು ಸಲ ಅದನ್ನೇ ಒದರುತ್ತಿದ್ದರು: "ಬಾಯಿ ಬಿಟ್ಟ ಹೇಳ್ರಿ! ಮುಟ್ಟಿದ್ರ ಆತೇನ? ಹೇಳಲಾರದ್ದು ಖೋ ಅಲ್ಲ!"

ಎದುರಾಳಿಗಳನ್ನು ಅತಿ ಹೆಚ್ಚು ಔಟ್ ಮಾಡುತ್ತಿದ್ದವಳು ಶೈಲಜಾ. ಅಂಕವೆಲ್ಲ ಅವಳ ಹೆಸರಿಗೆ. ಆದರೆ ಜನ ಕೇಕೆ ಹಾಕುತ್ತಿದ್ದುದು ಭಾಗಿಗೆ. ಬಿದ್ದರೂ ನಗುವವಳು, ಮೊಣಕಾಲು ಕಿತ್ತು ರಕ್ತ ಬಂದರೂ ಅದಕ್ಕೆ ಮಣ್ಣು ಮೆತ್ತಿ ನಗುವವಳು, ಸೋತ ತಂಡದವರನ್ನೂ ತಬ್ಬಿಕೊಂಡು ನಗಿಸುವವಳು. ಹೋದ ವರ್ಷ ಹುಡುಗಿಯರೆಲ್ಲ ಟೆಂಪೋದಲ್ಲಿ ಒಂದೇ ಫೋನಿಗೆ ಮುಗಿಬಿದ್ದು, ಹಿಂದಿಯಲ್ಲಿ ಮಾತಾಡುವ ಜಪಾನಿ ಕಾರ್ಟೂನೊಂದನ್ನು ನೋಡಿದ್ದರು. ಕಣ್ಣೆಂದರೆ ಬಟ್ಟಲಷ್ಟು ಕಣ್ಣು, ಹೆಗಲಿಗೂ ತಾಗದ ಕೂದಲು. ಆ ಹುಡುಗಿ ಗುಡ್ಡ ಹಾರುತ್ತಿದ್ದಳು, ಬೀಳುತ್ತಿದ್ದಳು, ಹಲ್ಲು ಕಿಸಿದು ಏಳುತ್ತಿದ್ದಳು. "ಅಯ್ಯ, ಇದು ನಮ್ಮ ಭಾಗೀನ!" ಎಂದಳು ಹೂಲಿಯ ಅನ್ನಪೂರ್ಣಾ. ಅಂದಿನಿಂದ ಭಾಗಿಗೆ 'ಕಾರ್ಟೂನ್' ಎಂಬ ಹೆಸರು ಬಿತ್ತು. ಮರುವಾರ ಶೈಲಜಾ ಬೈಲಹೊಂಗಲದ ಪಾರ್ಲರಿನಲ್ಲಿ ಕೂದಲನ್ನು ಆ ಹುಡುಗಿಯ ಹಾಗೆಯೇ ಕತ್ತರಿಸಿಕೊಂಡು ಬಂದಳು. ಅವ್ವ ಎರಡು ದಿನ ಮಾತು ಬಿಟ್ಟಳು. ಗೆಳತಿಯರು, "ಏನs ಶೈಲಾ, ಹೇನಾಗಿದ್ದುವೇನ?" ಎಂದು ಕೇಳಿದರು. ಮಾರುದ್ದ ಜಡೆಯ ಭಾಗಿಯೇ ಕಾರ್ಟೂನಾಗಿ ಉಳಿದಳು.

ಆ ಕಾರ್ಟೂನಿನಲ್ಲಿ ಒಂದು ಕಂತಿನಲ್ಲಿ ಹುಡುಗಿಯ ಗುರು ಸಾಯುತ್ತಾನೆ. ಮುಂದಿನ ಕಂತಿನಲ್ಲಿ ಅವಳು ಮತ್ತೆ ನಗುತ್ತ ಓಡುತ್ತಾಳೆ. ಅದೆಲ್ಲ ಚಿತ್ರ ಬಿಡಿಸುವವರ ಕೈಲಿರುವ ಮಾತು, ನಿಜವಾದ ಸಾವು ಬಂದಾಗ ಹೇಗೆ ನಗುತ್ತಾಳೋ ನೋಡೋಣ ಎಂದುಕೊಂಡೇ ಶೈಲಜಾ ಹೊಸ್ತಿಲು ದಾಟಿದಳು.

ಪಡಸಾಲೆಯಲ್ಲಿ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ನಡುವೆ ತಾಯಿ ರಾಚವ್ವ, ಅವಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಒತ್ತುತ್ತ ಭಾಗೀರಥಿ. ಎಣ್ಣೆ ಕಾಣದ ಕೂದಲು, ಒಡೆದ ತುಟಿ. ಶೈಲಜಾಳನ್ನು ಕಂಡದ್ದೇ ಆ ಒಡೆದ ತುಟಿ ಅಗಲವಾಯಿತು.

"ಬಂದೇನ ಶೈಲಾ? ಪ್ರಾಕ್ಟೀಸ ತಪ್ಪಿಸಿ ಬಂದಿ ಹೌದಿಲ್ಲೊ? ಸರ್ ಬೈತಾರ ನೋಡs."

ಮೂಲೆಯಲ್ಲಿದ್ದ ಶಟ್ಟೆವ್ವಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋಡ್ರೆವಾ, ಹಡದಾಕಿ ಎದಿ ಒಡೀಬಾರದಂತ ಹೆಂಗ ನಗತೈತಿ ಕೂಸು. ಇಂಥಾ ಮಗಳ ಇರಬೇಕ."

ಆಡಿದರೂ ಹೊಗಳಿಕೆ, ಅಣ್ಣ ಸತ್ತರೂ ಹೊಗಳಿಕೆ! ಹೇಳಬೇಕೆಂದು ಬಂದ ಸುದ್ದಿಯನ್ನು ಶೈಲಜಾ ಅಲ್ಲೇ ನುಂಗಿಕೊಂಡಳು. ಸುದ್ದಿ ಇಷ್ಟೇ: ಜಿಲ್ಲಾ ತಂಡದ ಆಯ್ಕೆ ತಿಂಗಳ ಕೊನೆಗೆ ಇದ್ದದ್ದು ಈ ಗುರುವಾರಕ್ಕೇ ಬಂದಿತ್ತು, ಸವದತ್ತಿಯಲ್ಲಿ. ಭಾಗಿಯ ಮನೆಯಲ್ಲಿದ್ದ ಒಂದೇ ಫೋನು ಮಾಂತೇಶನದು, ಅದು ಅವನು ಹೋದ ದಿನದಿಂದ ಬಂದ್ ಆಗಿತ್ತು. ಅದಕ್ಕೇ ಬಸಯ್ಯ ಸರ್, "ನೀ ಅದ ಊರಾಕಿ, ಹೋಗಿ ಹೇಳ. ಬರೂದು ಬಿಡೂದು ಆಕಿಗೆ ಬಿಟ್ಟದ್ದು" ಎಂದು ಅವಳನ್ನು ಕಳಿಸಿದ್ದರು.

ಗುರುವಾರ ಒಂಬತ್ತನೆಯ ದಿನ. ಹನ್ನೊಂದನೆಯ ದಿನದ ಕಾರ್ಯ ಮುಗಿಯುವ ತನಕ ಆ ಮನೆಯವರು ಊರು ದಾಟುವ ಹಾಗಿರಲಿಲ್ಲ. ಹೇಳಿ ಏನು ಉಪಯೋಗ, ಸುಮ್ಮನೆ ನೋವು ಎಂದು ಶೈಲಜಾ ತನಗೆ ತಾನೇ ಹೇಳಿಕೊಂಡಳು. ಅವಳಿಗೆ ಅನುಕೂಲವಾದ ಇನ್ನೊಂದು ಪದ್ಧತಿಯೂ ಇತ್ತು. ಸಾವಿನ ಮನೆಗೆ ಮಾತಾಡಿಸಲು ಹೋದವರು ಏಳುವಾಗ "ಬರತೇನಿ" ಎನ್ನಬಾರದು. ಅಂದರೆ ಮತ್ತೆ ಅಂಥದ್ದಕ್ಕೇ ಬರಬೇಕಾಗುತ್ತದೆ ಎಂಬ ಹೆದರಿಕೆ. ಸುಮ್ಮನೆ ಎದ್ದು ಹೋಗಬೇಕು. ಶೈಲಜಾ ಸುಮ್ಮನೆ ಎದ್ದು ಹೋದಳು. ಬಾಯಿ ಮುಚ್ಚಿಕೊಂಡು ಹೋಗುವವರಿಗೆ ಅಷ್ಟು ಒಳ್ಳೆಯ ಮನೆ ಬೇರೆ ಎಲ್ಲಿದೆ?

ಮರುದಿನ ಸರ್ ಕೇಳಿದಾಗ, "ಹೇಳೇನ್ರಿ ಸರ್. ಬರಾಂಗಿಲ್ಲ ಅಂದ್ಳು" ಎಂದಳು. ಸರ್ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ, "ಹೋಗ್ಲಿ. ನಮ್ಮ ಕಾಲೇಜಿಂದ ಒಬ್ಬಾಕಿನ್ನಷ್ಟ ತಗೋತಾರ. ಚಲೋ ಆಡ" ಎಂದರು. ಆ ಒಬ್ಬಾಕಿ ತಾನೇ ಎಂದು ಶೈಲಜಾಳಿಗೆ ಖಾತ್ರಿಯಾಯಿತು. ಆದರೆ ಎರಡು ದಿನದ ಪ್ರಾಕ್ಟೀಸಿನಲ್ಲಿ ಅವಳ ಕೈಗೆ ಸಿಕ್ಕವರು ಒಬ್ಬರೋ ಇಬ್ಬರೋ. ಬೆನ್ನಿಗೆ ಕೈ ಬೀಳುತ್ತಿತ್ತು, ಆದರೆ ಓಡುವವಳು ದಾಟಿ ಹೋದಮೇಲೆ. ಇಲ್ಲವೇ ಅವಳು ಇನ್ನೂ ಹತ್ತು ಹೆಜ್ಜೆ ಆಚೆ ಇರುವಾಗಲೇ. "ನೋಡಿ ಕೊಡ್ರಲೇ!" ಎಂದು ಎಲ್ಲರ ಮೇಲೆ ರೇಗಿದಳು. ಎರಡು ವರ್ಷ ಆ ಕೈ ಹೇಗೆ ಅಷ್ಟು ಸರಿಯಾಗಿ ಬೀಳುತ್ತಿತ್ತು ಎಂದು ಯೋಚಿಸುವುದು ಅವಳಿಗೆ ಬೇಕಿರಲಿಲ್ಲ.

ಗುರುವಾರ ಸವದತ್ತಿಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದಾಗ, ಗೇಟಿನಿಂದ ಯಾರೋ ಓಡುತ್ತ ಬಂದರು. ಬಸ್ಸಿನ ಧೂಳು ಮೆತ್ತಿದ ಮುಖ, ಕಾಲೇಜಿನ ಹಳದಿ ಜರ್ಸಿ, ಗಂಟು ಹಾಕಿದ ಜಡೆ. "ಕಾರ್ಟೂನ್!" ಎಂದು ಅನ್ನಪೂರ್ಣಾ ಕಿರುಚಿ ಹೋಗಿ ತಬ್ಬಿಕೊಂಡಳು.

ಶೈಲಜಾ ಉಳಿದ ಹುಡುಗಿಯರ ಹಿಂದಕ್ಕೆ ಸರಿದು ನಿಂತಳು.

"ನಿನ್ನೆ ನಮ್ಮವ್ವ ಅಣ್ಣನ ಫೋನ ಚಾರ್ಜಿಗೆ ಹಾಕಿದ್ಳರಿ ಸರ್," ಎಂದಳು ಭಾಗಿ ಏದುಸಿರು ಬಿಡುತ್ತ. "ಅಂವನ ರಿಂಗ್‌ಟೋನ ಒಂದ್ಸಲ ಕೇಳಬೇಕಂತ. ಹಾಕೂದ ತಡ ಟೀಮಿನ ಗ್ರೂಪಿನ ಮೆಸೇಜ ಬಂದ್ವು. ಅವ್ವ ಓದಸಿ ಕೇಳಿದ್ಳು. 'ಊರಾಗಿನ ಮಂದೀಗೆ ನಾ ಹೇಳಕೋತೇನಿ, ನೀ ಹೋಗು, ಅಂವ ಇದ್ದಿದ್ರ ಅಂವನs ಕರಕೊಂಡ ಹೋಗಿ ಬಿಡತಿದ್ದ' ಅಂದ್ಳು."

ಸರ್ ಹುಬ್ಬು ಗಂಟಿಕ್ಕಿದರು. "ಮತ್ತ ಬರಾಂಗಿಲ್ಲಂತ ಶೈಲಜಾನ ಕಡಿಂದ ಹೇಳಿ ಕಳಿಸಿದ್ದಿ?"

ಭಾಗೀರಥಿ ತಿರುಗಿ ಶೈಲಜಾಳನ್ನು ನೋಡಿದಳು. ಒಂದು ಉಸಿರಿನಷ್ಟು ಹೊತ್ತು. ಆ ಉಸಿರಿನಲ್ಲಿ ಅವಳಿಗೆ ಎಲ್ಲ ಗೊತ್ತಾಯಿತೆಂದು ಶೈಲಜಾಳಿಗೂ ಗೊತ್ತಾಯಿತು.

"ಹೌದರಿ ಸರ್, ಶೈಲಾ ಬಂದ ಹೇಳಿದ್ಳು. ಆಗ ನಾನs ಒಲ್ಲೆ ಅಂದಿದ್ನಿ. ಆಮ್ಯಾಲ ಮನಸ ತಡೀಲಿಲ್ಲ," ಎಂದು ಭಾಗಿ ನಕ್ಕಳು.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕರಗಿಹೋಗುತ್ತಿದ್ದರು. ಶೈಲಜಾ ಉರಿದುಹೋದಳು. ಕಪಾಳಕ್ಕೆ ಹೊಡೆದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಒಳ್ಳೆಯತನದಲ್ಲೂ ಇವಳೇ ಮುಂದು, ಸುಳ್ಳು ಹೇಳುವುದರಲ್ಲೂ ಇವಳ ಸುಳ್ಳೇ ತನ್ನದಕ್ಕಿಂತ ಚೆಂದ!

ಆಟ ಶುರುವಾಯಿತು. ಶೈಲಜಾ ನಾಲ್ಕನೆಯ ಚೌಕದಲ್ಲಿ ಕೂತಳು. ಬೆನ್ನಟ್ಟುವವಳು ಭಾಗಿ. ಹಿಂದಿನಿಂದ ಅವಳ ಹೆಜ್ಜೆಯ ಸದ್ದು ಹತ್ತಿರ ಬಂದ ಹಾಗೆ, ಈಗ ಕೊಡುವುದಿಲ್ಲ, ನನ್ನನ್ನು ಬಿಟ್ಟು ಮುಂದಿನವಳಿಗೆ ಕೊಡುತ್ತಾಳೆ, ಕೊಡದಿರಲಿ ಎಂದು ಶೈಲಜಾ ಹಲ್ಲು ಕಚ್ಚಿದಳು. ಬೆನ್ನಿಗೆ ಅಂಗೈ ಬಿತ್ತು. "ಖೋ!" ಎದ್ದಳು. ಓಡುವವಳು ಒಂದೇ ಮೊಳ ದೂರದಲ್ಲಿದ್ದಳು. ಕೈ ಚಾಚಿದರೆ ಸಾಕಾಯಿತು. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಭಾಗಿಗೇ ಸಿಗುವಷ್ಟು ಹತ್ತಿರದಲ್ಲಿದ್ದವಳು ಗಕ್ಕನೆ ಹೊರಳಿದಳು. ಒಂಬತ್ತು ದಿನ ಸರಿಯಾಗಿ ಉಣ್ಣದ ಕಾಲು ತಡವರಿಸಿತು, ಮುಗ್ಗರಿಸುತ್ತಲೇ ಭಾಗಿ ಕೈ ಚಾಚಿ ಶೈಲಜಾಳ ಬೆನ್ನು ಮುಟ್ಟಿ ಖೋ ಎಂದು ಮಕಾಡೆ ಬಿದ್ದಳು. ಶೈಲಜಾ ಆ ಹುಡುಗಿಯನ್ನೂ ಹಿಡಿದಳು. ಮೇಜಿನ ಹಿಂದೆ ಕೂತಿದ್ದ ಆಯ್ಕೆಗಾರರು ಮೂರು ಸಲವೂ ಅವಳ ನಂಬರನ್ನೇ ಬರೆದುಕೊಂಡರು.

ಸಂಜೆ ನಾಲ್ಕಕ್ಕೆ ಹೆಸರು ಓದಿದರು. ಶೈಲಜಾ. ಭಾಗೀರಥಿಯ ಹೆಸರು ಇರಲಿಲ್ಲ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಭಾಗಿ. ಎರಡು ವರ್ಷ ಬಯಸಿದ್ದು ಕೈಗೆ ಬಂದಿತ್ತು. ಅದು ಯಾರ ಕೈಯಿಂದ ಬಂತೆಂದು ತಿಳಿಯದಷ್ಟು ದಡ್ಡಿಯಲ್ಲ ಶೈಲಜಾ.

ಬಸ್ಸಿನಲ್ಲಿ ಭಾಗಿ ಒಂದೇ ಸಮನೆ ಮಾತಾಡಿದಳು. "ಆ ಕಡೀಕಿನಾಕಿನ್ನ ಹೆಂಗ ಹಿಡದಿ ಮಾರಾಯ್ತಿ! ನಾ ನೆಲದ ಮ್ಯಾಲಿಂದನs ನೋಡಿದ್ನಿ." ಶೈಲಜಾ ಕಿಟಕಿಯ ಆಚೆ ಕಬ್ಬಿನ ಹೊಲ ನೋಡುತ್ತ, "ಹೂಂ," ಎಂದಳು. ಬೈಲಹೊಂಗಲ ಬಂತು, ಬಸ್ಸು ಬದಲಾಯಿಸಿದರು. ಸಂಗೊಳ್ಳಿ ಬಂತು. ಶೈಲಜಾ ಭಾಗಿಯ ಜೊತೆ ಅವಳ ಮನೆಯ ತನಕ ನಡೆದಳು.

ಮನೆಯ ಅಂಗಳದಲ್ಲಿ ಮಾಂತೇಶನ ಹಾಲಿನ ಕ್ಯಾನುಗಳನ್ನು ಗೋಡೆಯ ಉದ್ದಕ್ಕೂ ಬೋರಲು ಹಾಕಿದ್ದರು. ಸೂತಕದಲ್ಲಿ ಊರು ದಾಟಿ ಬಂದವಳು ಸ್ನಾನ ಮಾಡದೆ ಒಳಗೆ ಹೋಗುವ ಹಾಗಿಲ್ಲ. ನೀರು ಕಾಯುವ ತನಕ ಭಾಗಿ ಕಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬೂಟಿನ ದಾರ ಬಿಚ್ಚತೊಡಗಿದಳು. ಮುಖ ಕ್ಯಾನುಗಳ ಕಡೆ, ಬೆನ್ನು ಶೈಲಜಾಳ ಕಡೆ.

ಶೈಲಜಾ ಹೊರಡಬೇಕಿತ್ತು. ಸಾವಿನ ಮನೆ, ಹೇಳದೆ ಹೋಗಬಹುದಿತ್ತು. ಎರಡು ಹೆಜ್ಜೆ ಹೋದಳು, ತಿರುಗಿ ಬಂದಳು. ಹಿಂದೆ ಕುಕ್ಕರಿಸಿ, ಭಾಗಿಯ ಬೆನ್ನಿಗೆ ಅಂಗೈ ಹಚ್ಚಿದಳು. ದಾರ ಬಿಚ್ಚುತ್ತಿದ್ದ ಬೆರಳುಗಳು ನಿಂತವು. ಭಾಗಿ ತಿರುಗಲಿಲ್ಲ, ಏಳಲಿಲ್ಲ.

"ನಾ ಅವತ್ತ ಹೇಳಾಕನ ಬಂದಿದ್ನಿ," ಎಂದಳು ಶೈಲಜಾ, ಒಳಗಿನ ಹೆಂಗಸರಿಗೂ ಕೇಳುವಷ್ಟು ಗಟ್ಟಿಯಾಗಿ. "ಬೇಕಂತನ ಹೇಳಲಿಲ್ಲ. ನೀ ಬರಬಾರದಂತ. ಸರ್‌ಗೆ ಸುಳ್ಳ ಹೇಳಿದ್ನಿ. ನಾಳೆ ಹೋಗಿ ಅವರಿಗೂ ಹೇಳತೇನಿ."

ಸ್ವಲ್ಪ ಹೊತ್ತಿಗೆ ಅಂಗೈಯ ಕೆಳಗೆ ಬೆನ್ನು ಅಲುಗತೊಡಗಿತು. ನಗುತ್ತಿದ್ದಾಳೆಂದು ಶೈಲಜಾ ಮೊದಲು ಅಂದುಕೊಂಡಳು; ಅದು ನಗುವಾಗಿರಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕಿತ್ತು, ಇಷ್ಟು ದಿನ ನೋಡಬೇಕೆಂದಿದ್ದ ಮುಖ ಅಲ್ಲೇ ಇತ್ತು. ಒಳಗಿನಿಂದ ರಾಚವ್ವ, "ನೀರ ಕಾದಾವು, ಬಾರಬೇ" ಎಂದು ಕೂಗಿದಳು. ಶೈಲಜಾ ಕೂತಲ್ಲಿಂದ ಸರಿಯಲಿಲ್ಲ. ಎದುರಿನ ಕ್ಯಾನುಗಳನ್ನು ನೋಡುತ್ತ, ಬೆನ್ನ ಮೇಲಿನ ಕೈಯನ್ನು ಹಾಗೆಯೇ ಇಟ್ಟುಕೊಂಡಳು.