ಪೆಡಲಕ್ಕ ಕಾಲಿಡಲಿಲ್ಲ

ಆ ಮನರಂಜನಾ ಪಾರ್ಕಿನ ಉರುಳುರೈಲು, ಅಂದರೆ ರೋಲರ್ ಕೋಸ್ಟರ್, ಹೊರಡಬೇಕಾದರೆ ಇಬ್ಬರು ಒಪ್ಪಬೇಕು. ಗಾಜಿನ ಕೋಣೆಯಲ್ಲಿ ಕೂತವನು ಗುಂಡಿ ಒತ್ತಬೇಕು. ಅದೇ ಹೊತ್ತಿಗೆ ಕಟ್ಟೆಯ ಮೇಲೆ ನಿಂತವಳು ಪೆಡಲು ತುಳಿಯಬೇಕು. ಹನ್ನೊಂದು ವರ್ಷ ತುಳಿದು ತುಳಿದು ಅವಳ ಹೆಸರೇ ಪೆಡಲಕ್ಕ ಎಂದಾಗಿಹೋಗಿತ್ತು. ಪ್ರತಿ ಸೀಟಿನ ಕಬ್ಬಿಣದ ಅಡ್ಡಪಟ್ಟಿಯನ್ನೂ ಅಂಗೈಯಿಂದ ಅದುಮಿ, ಮನಸ್ಸಿನಲ್ಲೇ 'ಕಾಪಾಡಪ್ಪಾ' ಅಂದು, ಆಮೇಲೆ ಕಾಲಿಡುವುದು ಅವಳ ಪದ್ಧತಿ. ಕಾಯುವುದು ದೇವರ ಕೆಲಸ, ಅದುಮುವುದು ತನ್ನದು ಎಂದು ಅವಳು ಭಾಗ ಮಾಡಿಕೊಂಡಿದ್ದಳು.

ಅಂದು ರಜಾದಿನ. ಜನರ ಸಾಲು ಮೆಟ್ಟಿಲಿಳಿದು, ಕೈತೊಳೆಯುವ ನಲ್ಲಿಗಳನ್ನು ದಾಟಿ, ಗೇಟಿನ ಕಡೆಗೆ ಬೆಳೆದಿತ್ತು. ಬೆಳಿಗ್ಗೆಯೇ ಮೇಲ್ವಿಚಾರಕ ಹೇಳಿದ್ದ: "ಇವತ್ತು ಒಂದೇ ಒಂದು ಗಾಡಿ ತಡ ಆಗ್ಲಿ, ನಾಳೆಯಿಂದ ನೀನು ಬರೋದು ಬೇಡ."

ಮೊದಲ ಸೀಟಿನಲ್ಲಿ ಕೆಂಪು ಟೋಪಿಯ ಯುವಕ; ಪಕ್ಕದಲ್ಲಿ ಅವನ ಅಕ್ಕನ ಮಗಳು, ಕಡ್ಡಿಯಂಥ ಹುಡುಗಿ. ಇಬ್ಬರಿಗೂ ಒಂದೇ ಅಡ್ಡಪಟ್ಟಿ. ಪೆಡಲಕ್ಕ ಅದುಮಿದಳು. ಪಟ್ಟಿ ಅರ್ಧಕ್ಕೇ ನಿಂತಿತು. ಹುಡುಗಿಯ ಹೊಟ್ಟೆಗೂ ಪಟ್ಟಿಗೂ ನಡುವೆ ಒಂದು ಮುಷ್ಟಿಯೇ ಹೋಯಿತು. ಯುವಕನ ಹೊಟ್ಟೆ ಮಾತ್ರ ಊದಿ ತಮಟೆಯಾಗಿತ್ತು. ಇದು ಹಳೇ ಆಟ. ಪಟ್ಟಿ ಕೂರಿಸುವಾಗ ಉಸಿರು ತುಂಬಿಕೊಳ್ಳುವುದು. ಗಾಡಿ ಹೊರಟ ಮೇಲೆ ಬಿಟ್ಟು, ಸಿಕ್ಕ ಜಾಗದಲ್ಲಿ ಎದ್ದು ನಿಂತು ವಿಡಿಯೋ ಮಾಡುವುದು.

"ಉಸಿರು ಬಿಡಿ ತಮ್ಮಾ."

ತನ್ನ ಹೊಟ್ಟೆಯೇ ಅಷ್ಟು ಎಂದು ಅವನು ಸನ್ನೆ ಮಾಡಿದ. ಬಾಯಿ ತೆರೆಯಲಿಲ್ಲ.

"ಯಾವೂರಾಯ್ತು?"

ಅವನು ಎತ್ತಲೋ ಕೈ ತೋರಿಸಿದ.

"ಮಾತಾಡೋ ಮಾಮ! ಅವ್ರು ಕೇಳ್ತಿದಾರೆ," ಎಂದಳು ಹುಡುಗಿ. ಹಿಂದಿನ ಸೀಟಿನವರು ಕಿಸಕ್ಕನೆ ನಕ್ಕರು.

ಪೆಡಲಕ್ಕ ತನ್ನ ಜಾಗಕ್ಕೆ ಬಂದು ಕೈಕಟ್ಟಿ ನಿಂತಳು. ಕಾಲಿಡಲಿಲ್ಲ.

ಸಾಲಿನಿಂದ ಬೋಳುತಲೆಯವನೊಬ್ಬ ಕೂಗಿದ: "ಏನಮ್ಮಾ, ಗಾಡಿ ಬಿಡ್ತೀಯೋ, ಇಲ್ಲೇ ಸಂಸಾರ ಹೂಡೋಣ್ವೋ? ನಿಂತು ಎರಡು ಗಂಟೆ ಆಯ್ತು!"

"ಹೂಡಿ ಅಣ್ಣಾ. ನಾನೂ ಇಲ್ಲೇ ಇರ್ತೀನಿ."

ಗಲಾಟೆ ಕೇಳಿ ಮೇಲ್ವಿಚಾರಕ ಓಡಿ ಬಂದ. ಆ ಗದ್ದಲದಲ್ಲಿ ಯುವಕ ಕದ್ದು ಉಸಿರಾಡಿ ಮತ್ತೆ ಊದಿಕೊಂಡ.

"ಮತ್ತೆ ಶುರು ಮಾಡಿದ್ಯಾ? ತುಳಿ!" ಎಂದ ಮೇಲ್ವಿಚಾರಕ.

"ಆ ಪಟ್ಟಿ ಕೂತಿಲ್ಲ ಸಾರ್. ಮಗು ಜಾರಿ ಹೋಗುತ್ತೆ. ಕೂರೋವರೆಗೂ ತುಳಿಯಲ್ಲ."

"ಹಾಗಾದ್ರೆ ಬ್ಯಾಡ್ಜ್ ಬಿಚ್ಚಿಡು."

ಅವಳು ಬಿಚ್ಚಿ ಕಂಬಿಯ ಮೇಲಿಟ್ಟಳು. ಪಕ್ಕಕ್ಕೆ ಸರಿದು ನಿಂತಳು. "ಈಗ ನೀವೇ ತುಳೀರಿ. ಮೊದಲನೇ ಸೀಟಿನ ಕಡೆ ನೋಡ್ಕೊಂಡೇ ತುಳೀರಿ."

ಮೇಲ್ವಿಚಾರಕ ಬೂಟುಗಾಲು ಎತ್ತಿದ. ಗಾಜಿನ ಕೋಣೆಯವನು ಗುಂಡಿಯ ಮೇಲೆ ಬೆರಳಿಟ್ಟ. ಗಾಡಿ ಹೊರಟೇಬಿಟ್ಟಿತೆಂದು ಹುಡುಗಿ ಮೇಲ್ವಿಚಾರಕನಿಗೆ ಟಾಟಾ ಮಾಡಿದಳು.

ಎತ್ತಿದ ಕಾಲು ಎತ್ತಿದಲ್ಲೇ ಉಳಿಯಿತು. ಇಷ್ಟು ವರ್ಷ ಅವಳ ಕಾಲಡಿಯಲ್ಲಿ ತಣ್ಣಗಿದ್ದ ಪೆಡಲು ಅವನಿಗೆ ಕಾದ ಹೆಂಚಾಗಿತ್ತು. ಅವನು ಕಾಲು ಹಿಂದೆ ತೆಗೆದುಕೊಂಡು, ಮೊದಲ ಸೀಟಿಗೆ ಹೋಗಿ, ಹುಡುಗಿಯ ಮುಂದೆ ಪಟ್ಟಿಯ ಕೆಳಗೆ ಕೈ ತೂರಿಸಿ ನೋಡಿದ. ಅವನ ಮುಷ್ಟಿಯೂ ಸಲೀಸಾಗಿ ಹೋಯಿತು.

"ಉಸಿರು ಬಿಡ್ರೀ!" ಎಂದು ಯುವಕನನ್ನು ಗದರಿದ.

ಯುವಕ ಬುಸ್ಸೆಂದ. ಪೆಡಲಕ್ಕ ಬಂದು ಅದುಮಿದಳು. ಕಟಕ್, ಕಟಕ್, ಕಟಕ್. ಪಟ್ಟಿ ಮೂರು ಹಲ್ಲು ಕೆಳಗಿಳಿಯಿತು. ಯುವಕ ಆ ಸದ್ದು ಕೇಳಿ, ಹುಡುಗಿಯ ಕಡೆಗೊಮ್ಮೆ ನೋಡಿ, ಫೋನನ್ನು ತಾನಾಗಿಯೇ ಪೆಡಲಕ್ಕನ ಕೈಗಿತ್ತ. ಅವಳು ಬ್ಯಾಡ್ಜಿಲ್ಲದೆಯೇ ತುಳಿದಳು. ಗಾಡಿ ಹೊರಟಿತು.

ಮೇಲ್ವಿಚಾರಕ ಕಂಬಿಯ ಮೇಲಿದ್ದ ಬ್ಯಾಡ್ಜ್ ಎತ್ತಿಕೊಂಡ. "ಹಾಕ್ಕೋ. ಆದ್ರೆ ಸ್ವಲ್ಪ ಬೇಗ ಬೇಗ ಮಾಡಮ್ಮಾ."

"ಇವತ್ತು ಮಾಡಿದ ಹಾಗೇ ಮಾಡ್ತೀನಿ ಸಾರ್. ಒಪ್ಪಿಗೆ ಇದ್ರೆ ಕೊಡಿ. ಇಲ್ಲಾಂದ್ರೆ ಅದು ಅಲ್ಲೇ ಇರ್ಲಿ."

ಅವನು ಅದನ್ನು ಅವಳ ಅಂಗೈಯಲ್ಲಿಟ್ಟ.

ಮುಂದಿನ ಗಾಡಿಗೆ ಬೋಳುತಲೆಯವನ ಸರದಿ. ಕೂತವನೇ ಇಡೀ ಕಟ್ಟೆಗೆ ಕೇಳುವಂತೆ ಉಸಿರು ಬಿಟ್ಟ. "ನೋಡಕ್ಕಾ, ಪೂರ್ತಿ ಖಾಲಿ!"

ಪೆಡಲಕ್ಕ ನಕ್ಕಳು. ಆದರೂ ಅಂಗೈಯಿಟ್ಟು ಅದುಮಿಯೇ ನೋಡಿದಳು.