ಮೇಲಿನ ತಿಳಿನೀರು

"ಟ್ಯಾಂಕರ್ ನೀರು ಬ್ಯಾಡ. ಬೈರಣ್ಣೋರ ಬಾವೀದ ತರ್ತೀನಿ," ಎನ್ನುತ್ತ ಅನ್ನಪೂರ್ಣ ಕೊಡವನ್ನು ಸೊಂಟಕ್ಕೇರಿಸಿಯೇ ಬಿಟ್ಟಳು. ಒಳಗೆ ಗೋಡೆಗಾನಿಸಿ ಕೂರಿಸಿದ್ದ ಗಂಡ ಸಂಗಮೇಶನ ದೇಹ ಕೊನೆಯ ಸ್ನಾನಕ್ಕೆ ಕಾದಿತ್ತು. ವಸಂತಪುರದ ನಲ್ಲಿಗಳಲ್ಲಿ ಅಂದು ಬರೀ ಗಾಳಿ.

ಸಂಗಮೇಶನ ಪ್ರಯೋಗಾಲಯದ ಸಹೋದ್ಯೋಗಿ ರಘು ಅಡ್ಡ ಬಂದ. "ಬೇಡ ಮೇಡಂ. ಬಾವಿ ಪಕ್ಕದ ಶೆಡ್ಡಲ್ಲಿ ಆ ಕಾರ್ಖಾನೆ ಪುಡಿ ಡ್ರಮ್ ಇಟ್ಟಿದ್ರೆ? ಸಾರ್‌ಗೇ ಆ ನೀರು ಹಾಕೋದಾ?"

"ಇಟ್ಟಿಲ್ಲ."

"ನೋಡಿದೀರಾ?"

"ಇಲ್ಲ. ಬೈರಣ್ಣೋರನ್ನ ಬಲ್ಲೆ. ನೀ ಬಕೀಟ ಹಿಡಿ, ಬಾ."

ದಾರಿಯಲ್ಲಿ ರಘು ಗೊಣಗಿದ: "ಸಾರ್ ಇದ್ದಿದ್ರೆ ಇದನ್ನೂ ಸೋಸಿ, ಅಳೆದು, ಆಮೇಲೆ ಸ್ನಾನ ಅಂತಿದ್ರು."

ಬೆಳಗಿನಿಂದ ಮೊದಲ ಬಾರಿ ಅವಳಿಗೆ ನಗು ಬಂತು. "ಮನ್ಯಾಗೂ ಹಂಗ ಇದ್ರು! ಸಕ್ರಿ ಕರಗೂತನಕ ಕಾದು, ಚಾ ಆರಿದ ಮ್ಯಾಲೇ ಕುಡೀತಿದ್ರು."

*

ಏಳು ವರ್ಷಗಳ ಹಿಂದೆ, ತೊಂಬತ್ತೇಳರಲ್ಲಿ, ಗಂಡ-ಹೆಂಡತಿ ಬೈರಣ್ಣನ ಮನೆಯಲ್ಲೇ ಬಾಡಿಗೆಗಿದ್ದರು. ಬಾವಿಯ ಪಕ್ಕದ ಶೆಡ್ಡನ್ನು ಬಣ್ಣದ ಕಾರ್ಖಾನೆಯೊಂದು ದಾಸ್ತಾನಿಗೆ ಕೇಳಿತ್ತು. ಬೈರಣ್ಣ ಅದರ ಪುಡಿಯನ್ನು ಲೋಟದ ನೀರಿನಲ್ಲಿ ಕದಡಿ, ತಳಕ್ಕಿಳಿದದ್ದನ್ನು ಗೆದ್ದವನಂತೆ ತೋರಿಸಿದ: "ನೋಡಿ ಸಾರ್, ಒಂಚೂರೂ ಕರಗಲ್ಲ. ಬಾವಿಗೇನಾಯ್ತದೆ?"

ಸಂಗಮೇಶ ಪುಡಿಯನ್ನು ಪ್ರಯೋಗಾಲಯಕ್ಕೆ ಒಯ್ದ. ನೀರಿನೊಡನೆ ದಿನಗಟ್ಟಲೆ ಕುಲುಕಿಸಿದ. ಒಂದೇ ಉಷ್ಣತೆಯಲ್ಲಿ ನಿಲ್ಲಿಸಿ, ಮೇಲಿನ ತಿಳಿಯನ್ನು ಸೋಸಿ ಅಳೆದು ಬಂದ.

"ತಳದಾಗ ಕಾಣೂದು ಕರಗದ ಉಳದದ್ದರೀ. ನಾ ಅಳದದ್ದು ತಿಳಿನೀರಾಗ ಕಾಣದ್ದನ್ನ. ಸ್ವಲ್ಪೇ ಕರಗ್ತದ, ಕುಡಿಯೋ ಬಾವಿಗೆ ಅಷ್ಟ ಸಾಕು, ಕೆಡ್ಸಾಕ."

"ಬಾಡ್ಗೆಗಿರೋರು ನಮ್ಗೇ ನೀರಿನ ಪಾಠ ಹೇಳ್ತೀರಾ? ಮನೆ ಖಾಲಿ ಮಾಡಿ!"

ಎರಡು ಬೀದಿಯಾಚೆ ಮನೆ ಸಿಕ್ಕಿತು. ಮಾತು ನಿಂತಿತು. ಸಂಗಮೇಶ ಮತ್ತೆ ಆ ಬೀದಿಯನ್ನು ತುಳಿಯಲಿಲ್ಲ. ಊಟದ ನಡುವೆ ಮಾತ್ರ ಒಮ್ಮೊಮ್ಮೆ, "ಡ್ರಮ್ ಬಂದಾವೇನೋ," ಎನ್ನುತ್ತಿದ್ದ.

*

ಅನ್ನಪೂರ್ಣ, ರಘು ಬರುವಷ್ಟರಲ್ಲಿ ಬೈರಣ್ಣ ಆಗಲೇ ಬಾವಿಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತಿದ್ದ.

"ನಲ್ಲೀಲಿ ನೀರಿಲ್ಲ ಅಂದ್ರು. ನಾನೇ ತರೋಣಾಂತ ಸೇದ್ತಿದ್ದೆ ಕಣಮ್ಮ. ಇಸ್ಕೊಂತೀರೋ ಇಲ್ವೋ ಅಂತ..."

ರಘು ತೆರೆದಿದ್ದ ಶೆಡ್ಡಿನೊಳಗೆ ಇಣುಕಿದ. ಒಣಹುಲ್ಲಿನ ಕಂತೆಗಳು, ಗೂಟಕ್ಕೆ ಕಟ್ಟಿದ ಒಂದು ಕರು.

"ಕಾರ್ಖಾನೆಯವ್ರು?" ಎಂದ.

"ಆ ವಾರವೇ ಬೇಡಾಂದೆ. ಸಾರ್‌ಗೆ ಹೇಳಕ್ಕೆ ಬಾಯಿ ಬರ್ಲಿಲ್ಲ, ಅಷ್ಟೇ."

ಅನ್ನಪೂರ್ಣ ಕೊಡವನ್ನು ಮುಂದಿಟ್ಟಳು. ಬೈರಣ್ಣ ತುಂಬಿಸಿದ. ಕದಡಿದ ನೀರು ತಿಳಿಯಾಗುವವರೆಗೆ ತಡೆದು, ಅವಳ ಕಣ್ಣೆದುರೇ ಒಂದು ಬೊಗಸೆ ಕುಡಿದ. ಆಮೇಲೆ ಕೊಡವನ್ನು ತನ್ನ ಹೆಗಲಿಗೇರಿಸಿಕೊಂಡು, ತುಳುಕಿದ ನೀರಿಗೆ ಬೆನ್ನೆಲ್ಲ ತೊಯ್ಯುತ್ತಿರಲು, ಏಳು ವರ್ಷಗಳಲ್ಲಿ ಒಮ್ಮೆಯೂ ಕಾಲಿಡದ ಮನೆಯ ಕಡೆಗೆ ಅವಳಿಗಿಂತ ಮುಂದಾಗಿ ನಡೆದ.